ಸಕ್ಕರೆ ಬೇನೆಯೂ ಸರಕಾರಿ ದವಾಖಾನೆಯೂ

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂದು ನಮ್ಮ ಹಿರಿಯರು ಹೇಳುತ್ತ ಬಂದಿರುವರು. ಮಾತು ಸುಳ್ಳಲ್ಲ. ಆದರೆ ಒಮ್ಮೆ ಮೈಯಲ್ಲಿ ನೆಲೆಸಿದ ಮೇಲೆ, ಊಟದ ಎಚ್ಚರವೊಂದರಿಂದಲೇ ತೀರದ ರೋಗಗಳೂ ಇರುವವು. ಅವುಗಳಲ್ಲಿ ಮಧುಮೇಹವು ಮುಖ್ಯವಾದದ್ದು. ಚರಕ ಸುಶ್ರುತರ ಕಾಲಕ್ಕೇ ನಮ್ಮ ವೈದ್ಯರು ಇದನ್ನು ಪ್ರಮೇಹಗಳ ಸಾಲಿನಲ್ಲಿ ಎಣಿಸಿದ್ದರು. ಇಂದು ಹಳ್ಳಿಯ ಮುದುಕಿಯೂ ‘ನನಗೆ ಶುಗರ್ ಐತಿ’ ಎನ್ನುವಷ್ಟು ಅದು ಮನೆಮಾತಾಗಿದೆ.

ಸವಣೂರ ಸೀಮೆಯವರು ಇದನ್ನು ಪಟ್ಟಣದವರ, ಕುಳಿತುಣ್ಣುವವರ ರೋಗವೆಂದು ಬಹುಕಾಲ ತಿಳಿದಿದ್ದರೆ ಅದರಲ್ಲಿ ಸೋಜಿಗವಿಲ್ಲ. 1948ರ ವರೆಗೆ ನವಾಬರ ಸಂಸ್ಥಾನವಾಗಿದ್ದ ಈ ಊರು ವೀಳ್ಯದೆಲೆಗೂ ಖಾರಕ್ಕೂ ಹೆಸರಾದದ್ದು. ಸುತ್ತಲಿನವರೆಲ್ಲ ದುಡಿದುಣ್ಣುವ ಒಕ್ಕಲು ಮಕ್ಕಳು. ಆದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದ ತುಂಬ ನಡೆದು 2023ರಲ್ಲಿ ಪ್ರಕಟವಾದ ಪರೀಕ್ಷಣೆಯು ಬೇರೆಯೇ ಮಾತನ್ನು ಹೇಳುತ್ತದೆ. ಅದರಂತೆ ವಯಸ್ಕರಲ್ಲಿ ನೂರಕ್ಕೆ 11.4 ಜನರು ಮಧುಮೇಹಿಗಳು. ಪಟ್ಟಣಗಳಲ್ಲಿ ಈ ಪ್ರಮಾಣವು 16.4 ಇದ್ದರೆ ಹಳ್ಳಿಗಳಲ್ಲಿಯೂ 8.9 ಇರುವದು. ದೇಶದ ಒಟ್ಟು ಲೆಕ್ಕವು ಹತ್ತು ಕೋಟಿಯನ್ನು ಮೀರುತ್ತದೆ. ಇವರಲ್ಲಿ ಬಡವರಾದವರಿಗೆ ಸರಕಾರಿ ದವಾಖಾನೆಯೇ ಗತಿ. ಆದುದರಿಂದ ಆ ದವಾಖಾನೆಯಲ್ಲಿ ಜನರೆಷ್ಟು, ಹಣವೆಷ್ಟು ಎಂಬದು ಗೃಹಸ್ಥರಾದ ನಾವೆಲ್ಲರೂ ವಿಚಾರಿಸಬೇಕಾದ ಸಂಗತಿಯಾಗಿದೆ.

ಈ ರೋಗದ ಸ್ವಭಾವವನ್ನು ಮೊದಲು ತಿಳಿಯಬೇಕು. ದೇವಿ ಹಾಕಿಸಿದರೆ ಸಿಡುಬಿನ ಭಯವು ತೀರುತ್ತಿತ್ತು. ಮಲೇರಿಯಾಕ್ಕೆ ಕೆಲವು ದಿನಗಳ ಮಾತ್ರೆ ಸಾಕು. ಮಧುಮೇಹವು ಹಾಗಲ್ಲ. ಅದು ಇಪ್ಪತ್ತು ಮೂವತ್ತು ವರ್ಷಗಳ ಸಹವಾಸ. ರಕ್ತದ ಸಕ್ಕರೆಯನ್ನು ಮೇಲಿಂದ ಮೇಲೆ ನೋಡಬೇಕು. ಹಿಂದಿನ ಮೂರು ತಿಂಗಳ ಸರಾಸರಿಯನ್ನು ತಿಳಿಸುವ ಪರೀಕ್ಷೆಯನ್ನು ಆಗಾಗ ಮಾಡಿಸಬೇಕು. ವರ್ಷಕ್ಕೊಮ್ಮೆಯಾದರೂ ಕಣ್ಣು, ಮೂತ್ರಪಿಂಡ, ಪಾದಗಳನ್ನು ತೋರಿಸಬೇಕು. ನೋವಿಲ್ಲದ ರೋಗವಾದ್ದರಿಂದ ರೋಗಿಯು ‘ಈಗ ಆರಾಮ ಇದ್ದೇನೆ’ ಎಂದು ಮಾತ್ರೆ ಬಿಡುತ್ತಾನೆ. ಬರಿಗಾಲಲ್ಲಿ ಹೊಲಕ್ಕೆ ಹೋದವನಿಗೆ ಮುಳ್ಳು ನೆಟ್ಟದ್ದೇ ತಿಳಿಯುವದಿಲ್ಲ. ಗಾಯವು ಕೊಳೆತ ಮೇಲೆ ದವಾಖಾನೆಗೆ ಬರುತ್ತಾನೆ. ಆಗ ಬೆರಳನ್ನೋ ಪಾದವನ್ನೋ ಕತ್ತರಿಸದೆ ಉಪಾಯವಿರುವದಿಲ್ಲ. ದುಡಿಯುವವನ ಕಾಲು ಹೋದರೆ ಮನೆಯ ಕಂಬವೇ ಮುರಿದಂತೆ.

ಹೀಗಿರುವಲ್ಲಿ ಒಂದು ಸಣ್ಣ ಲೆಕ್ಕವನ್ನು ಹಾಕಿ ನೋಡೋಣ. ಬಯಲುಸೀಮೆಯಲ್ಲಿ ಮೂವತ್ತು ಸಾವಿರ ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರವಿರಬೇಕೆಂದು ನಿಯಮ. ಜನಸಂಖ್ಯೆಯಲ್ಲಿ ನೂರಕ್ಕೆ 37 ಜನರು ಮೂವತ್ತು ವರ್ಷ ದಾಟಿದವರೆಂದು ಸರಕಾರವು ಎಣಿಸುವದು. ಅಂದರೆ ಹನ್ನೊಂದು ಸಾವಿರ. ಹಳ್ಳಿಯ ಪ್ರಮಾಣವನ್ನೇ ಹಿಡಿದರೂ ಇವರಲ್ಲಿ ಸುಮಾರು ಒಂದು ಸಾವಿರ ಮಂದಿ ಮಧುಮೇಹಿಗಳಿರಬೇಕು. ಒಬ್ಬೊಬ್ಬರೂ ತಿಂಗಳಿಗೊಮ್ಮೆ ಬಂದರೆ, ಇಪ್ಪತ್ತೈದು ಕೆಲಸದ ದಿನಗಳಲ್ಲಿ ದಿನಕ್ಕೆ ನಾಲ್ವತ್ತು ಜನ. ಒಬ್ಬರಿಗೆ ಹತ್ತೇ ನಿಮಿಷ ಕೊಟ್ಟರೂ ಆರು ತಾಸು ನಾಲ್ವತ್ತು ನಿಮಿಷಗಳಾದವು. ಒಬ್ಬ ಮನುಷ್ಯನ ಇಡೀ ದಿನವು ಈ ಒಂದು ರೋಗಕ್ಕೇ ಸಂದುಹೋಯಿತು. ಜ್ವರ, ಬಾಣಂತನ, ಮಕ್ಕಳ ಲಸಿಕೆ, ಹಾವು ಕಡಿತ ಇವೆಲ್ಲ ಬೇರೆ. ವೈದ್ಯರು ಚೀಟಿ ಬರೆದು ‘ಮುಂದಿನವರು’ ಎಂದು ಕರೆದರೆ ಅದನ್ನು ಅವರ ನಿರ್ದಯತೆ ಎನ್ನಲಾಗದು. ಅದು ಲೆಕ್ಕದ ಫಲ.

ಸರಕಾರವು ಇದನ್ನು ಅರಿಯದೆ ಇಲ್ಲ. ಮಧುಮೇಹ, ರಕ್ತದೊತ್ತಡ, ಅರ್ಬುದ, ಹೃದ್ರೋಗಗಳಿಗಾಗಿ 2010ರಲ್ಲಿ ಒಂದು ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ಮೊದಲು ನೂರು ಜಿಲ್ಲೆಗಳಲ್ಲಿದ್ದ ಇದು ಬಳಿಕ ದೇಶವನ್ನೆಲ್ಲ ವ್ಯಾಪಿಸಿತು. ವೈದ್ಯರು, ಶುಶ್ರೂಷಕಿ, ರಕ್ತಪರೀಕ್ಷೆ ಮಾಡುವವರು, ಪಥ್ಯ ತಿಳಿಸಿ ಧೈರ್ಯ ಹೇಳುವ ಆಪ್ತಸಮಾಲೋಚಕರು, ದಾಖಲೆ ಬರೆಯುವವರು, ಇವರೆಲ್ಲರೂ ಕೂಡಿದ ಚಿಕಿತ್ಸಾಲಯವಿರಬೇಕೆಂದು ಅದರ ಯೋಜನೆ. 2017ರಿಂದ ಮೂವತ್ತು ದಾಟಿದವರನ್ನೆಲ್ಲ ತಪಾಸಿಸುವ ಕೆಲಸವೂ ಸೇರಿತು. ಕರ್ನಾಟಕ ಸರಕಾರವು 2024ರಲ್ಲಿ ಕೋಲಾರ ಜಿಲ್ಲೆಯಿಂದ ‘ಗೃಹ ಆರೋಗ್ಯ’ವೆಂಬ ಮನೆಮನೆಯ ತಪಾಸಣೆಯನ್ನು ಆರಂಭಿಸಿತು. ಖರ್ಚಿನಲ್ಲಿ ಕೇಂದ್ರದ ಪಾಲು ನೂರಕ್ಕೆ ಅರವತ್ತು, ರಾಜ್ಯದ್ದು ನಾಲ್ವತ್ತು.

ಯೋಜನೆ ಒಳ್ಳೆಯದೇ. ಕೊರತೆಯಿರುವದು ಅದನ್ನು ನಡೆಸುವ ಜನರ ನೆಲೆಯಲ್ಲಿ. ಹಣವು ವರ್ಷವರ್ಷದ ಮಂಜೂರಾತಿಯಿಂದ ಬರುವದರಿಂದ ಈ ಹುದ್ದೆಗಳಲ್ಲಿ ಬಹಳಷ್ಟು ಗುತ್ತಿಗೆಯವಾಗಿವೆ. ಗುತ್ತಿಗೆಯ ಶುಶ್ರೂಷಕಿಯು ಹೆಚ್ಚು ಪಗಾರದ, ಕಾಯಂ ನೌಕರಿ ಸಿಕ್ಕೊಡನೆ ಹೋಗುವಳು. ಅದು ಅವಳ ತಪ್ಪಲ್ಲ. ಈ ಅಸ್ಥಿರತೆಯ ವಿರುದ್ಧವಾಗಿಯೇ ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ನೌಕರರು 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಧರಣಿ ಕುಳಿತು, ತಮ್ಮನ್ನು ಕಾಯಂ ಮಾಡಬೇಕೆಂದು ಬೇಡಿದರು. ಆದರೆ ಅವಳು ಹೋದೊಡನೆ, ಯಾವ ಮನೆಯ ಯಜಮಾನನು ಮಾತ್ರೆ ತಪ್ಪಿಸುತ್ತಾನೆ, ಯಾವ ಅಜ್ಜಿಗೆ ಸೂಜಿಯ ಭಯ, ಯಾರ ಪಾದದಲ್ಲಿ ಗಾಯ ಎಂಬ ತಿಳಿವೆಲ್ಲ ಅವಳೊಡನೆ ಹೋಗುವದು. ಹೊಸಬರು ಬರುವ ವರೆಗೆ ಎಷ್ಟೋ ರೋಗಿಗಳ ಎಳೆ ಕಡಿದುಹೋಗಿರುತ್ತದೆ.

ಕೆಳಗಿನ ಮೆಟ್ಟಿಲಲ್ಲಿರುವ ಆಶಾ ಕಾರ್ಯಕರ್ತೆಯರ ಸ್ಥಿತಿಯನ್ನೂ ನೋಡಿರಿ. ಮನೆಗೆ ಹೋಗಿ ಒಬ್ಬರ ತಪಾಸಣೆಯ ಪತ್ರಿಕೆ ತುಂಬಿದರೆ ಹತ್ತು ರೂಪಾಯಿ; ರೋಗಿಯೊಬ್ಬರನ್ನು ಆರು ತಿಂಗಳು ಹಿಂಬಾಲಿಸಿ ಚಿಕಿತ್ಸೆ ತಪ್ಪದಂತೆ ನೋಡಿಕೊಂಡರೆ ಐವತ್ತು ರೂಪಾಯಿ ಎಂದು ಕೇಂದ್ರದ ನಿಯಮಗಳು ಗೊತ್ತುಮಾಡಿದವು. ದಿನಕ್ಕೆ ಮೂವತ್ತು ಪೈಸೆಯೂ ಆಗಲಿಲ್ಲ! 2025ರ ಜನವರಿಯಲ್ಲಿ ಈ ಹೆಣ್ಣುಮಕ್ಕಳು ತಿಂಗಳಿಗೆ ಹದಿನೈದು ಸಾವಿರ ಬೇಕೆಂದು ಬೆಂಗಳೂರಿನ ಚಳಿಯಲ್ಲಿ ಕುಳಿತರು. ಕನಿಷ್ಠ ಹತ್ತು ಸಾವಿರದ ಭರವಸೆಯನ್ನು ಪಡೆದು ಮರಳಿದರು. ಒಂದು ಕಾಲು ಉಳಿಯುವದು ಇವರ ಒಂದು ಮಾತಿನಿಂದ ಎಂಬದನ್ನು ನೆನೆದರೆ ಈ ಬೇಡಿಕೆಯು ದೊಡ್ಡದೆನಿಸದು.

ಔಷಧಕ್ಕೇ ಹೆಚ್ಚು ಹಣ ಬೇಕೆಂದು ಹಲವರು ತಿಳಿಯುವರು. ದಿನಬಳಕೆಯ ಮೆಟ್‌ಫಾರ್ಮಿನ್ ಮಾತ್ರೆಯು ಅಗ್ಗವಾದದ್ದು. ಇನ್ಸುಲಿನ್ನನ್ನು 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಕಂಡುಹಿಡಿದವರು ಅದರ ಹಕ್ಕನ್ನು ತಲಾ ಒಂದೇ ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದರು. ಬಡವರಿಗೂ ಅದು ದೊರೆಯಲೆಂಬದು ಅವರ ಆಶಯ. ಆದರೆ ಸೀಸೆಯನ್ನು ಕೈಗಿತ್ತರೆ ಆಯಿತೆ? ಅದನ್ನು ತಂಪಿನಲ್ಲಿಡುವ ಬಗೆ, ಚುಚ್ಚಿಕೊಳ್ಳುವ ಅಳತೆ, ಊಟ ತಪ್ಪಿದ ದಿನ ಸಕ್ಕರೆ ಇಳಿದು ಬೆವರಿ ಕಣ್ಣು ಕತ್ತಲೆಗಟ್ಟಿದರೆ ಕೂಡಲೆ ಬೆಲ್ಲ ತಿನ್ನಬೇಕೆಂಬದು, ಇವನ್ನು ಕಲಿಸಲು ಮನುಷ್ಯರೇ ಬೇಕು. ಕಟ್ಟಡ ಕಟ್ಟಿಸಿದರೆ ಕಲ್ಲಿನ ಮೇಲೆ ಹೆಸರು ಕೆತ್ತಿಸಬಹುದು; ಶುಶ್ರೂಷಕಿಗೆ ಪಗಾರ ಕೊಟ್ಟರೆ ಹೆಸರು ಎಲ್ಲಿಯೂ ಕಾಣದು. ಆದರೂ ಜೀವ ಉಳಿಸುವದು ಎರಡನೆಯ ಖರ್ಚೇ.

ಇನ್ನು ನಮ್ಮ ಕರ್ತವ್ಯ. ಸರಕಾರಿ ದವಾಖಾನೆಗಳಿಗೆ ಆರೋಗ್ಯ ರಕ್ಷಾ ಸಮಿತಿಗಳಿರುವವು. ಪರೀಕ್ಷೆಯ ಪಟ್ಟಿಗಳಂಥ ಸಣ್ಣ ಕೊರತೆಗಳನ್ನು ಅವು ನೀಗಿಸಬಲ್ಲವು. ಹಾವೇರಿ ಜಿಲ್ಲೆಯ ಯಾವುದೇ ಗ್ರಾಮಸಭೆಯಲ್ಲಿ ರಸ್ತೆ, ಗಟಾರಗಳನ್ನು ಕೇಳುವ ನಾವು ‘ಸಕ್ಕರೆ ಬೇನೆಯವರನ್ನು ನೋಡುವ ಹುದ್ದೆಗಳಲ್ಲಿ ಎಷ್ಟು ತುಂಬಿವೆ, ಎಷ್ಟು ಖಾಲಿ ಇವೆ, ಎಂದು ತುಂಬುವಿರಿ?’ ಎಂದು ಕೇಳಿದರೆ ತಪ್ಪೇನು? ಕೇಳದ ಹುದ್ದೆಯು ತುಂಬದು.

ಮನೆಯ ಕೆಲಸವೂ ಉಂಟು. ಮೂವತ್ತು ದಾಟಿದವರು ವರ್ಷಕ್ಕೊಮ್ಮೆ ರಕ್ತ ತೋರಿಸಬೇಕು. ರೋಗಿಯ ಚೀಟಿಗಳನ್ನೆಲ್ಲ ಒಂದೇ ಚೀಲದಲ್ಲಿಟ್ಟರೆ ಶುಶ್ರೂಷಕಿ ಬದಲಾದರೂ ಅವನ ಚರಿತ್ರೆ ಕಳೆಯದು. ರಾತ್ರಿ ಮಲಗುವ ಮುನ್ನ ಸೊಸೆಯೋ ಮೊಮ್ಮಗನೋ ಹಿರಿಯರ ಅಂಗಾಲನ್ನು ದೀಪದ ಬೆಳಕಿನಲ್ಲಿ ನೋಡಲಿ. ಆಶಾ ಕಾರ್ಯಕರ್ತೆಯು ಬಾಗಿಲಿಗೆ ಬಂದಾಗ ‘ಆಮೇಲೆ ಬಾರವ್ವ’ ಎನ್ನದೆ ಮಣೆ ಹಾಕಿ ನೀರು ಕೊಟ್ಟು ಕೂಡ್ರಿಸಲಿ. ಹನಿಗೂಡಿ ಹಳ್ಳವಾಗುವಂತೆ, ಮನೆಯ ಎಚ್ಚರ ಮತ್ತು ಸರಕಾರದ ಹೊಣೆ ಇವೆರಡೂ ಕೂಡಿದಾಗಲೇ ಈ ದೀರ್ಘ ರೋಗವನ್ನು ದೀರ್ಘಾಯುಷ್ಯದಿಂದ ಗೆಲ್ಲಬಹುದು.