ನೀರು ಬಂತು, ಹೋಗುವ ದಾರಿ ಎಲ್ಲಿ?

ಪಕ್ಕದ ಮನೆಯವರು ರಾಜಸ್ಥಾನದ ಪ್ರವಾಸ ಮುಗಿಸಿ ಬಂದರು. ಒಣಗಿಸಿದ ಕೇರ್-ಸಾಂಗ್ರಿಯ ಪೊಟ್ಟಣವೊಂದನ್ನು ನನ್ನ ಕೈಗಿಟ್ಟು, ಅಡಿಗೆಮನೆಯಲ್ಲಿ ಮಣೆ ಎಳೆದುಕೊಂಡು ಕೂತು, "ಅಲ್ಲ ಕಣ್ರೀ, ಜೈಸಲ್ಮೇರ್‌ನಲ್ಲಿ ಬಂಗಾರದ ಕೋಟೆ ಅಂತ ನೋಡಕ್ಕೆ ಹೋದ್ರೆ, ಅಲ್ಲಿ ತೇವ ಏರಿ ಗೋಡೆ ಕುಸೀತಿದೆ ಅಂತಾರೆ! ಮಳೇನೇ ಇಲ್ಲದ ಮರಳುಗಾಡಿನಲ್ಲಿ ತೇವ ಎಲ್ಲಿಂದ ಬಂತು?" ಎಂದರು.

ನಾನೂ ನಕ್ಕೆ. ಆಮೇಲೆ ಆ ಊರಿನ ವಿಷಯ ಹುಡುಕಿ ಓದಿದಾಗ ನಗು ಬರಲಿಲ್ಲ. ಅದು ರಾಜಮಹಾರಾಜರ ಕಥೆಗಿಂತ ಹೆಚ್ಚಾಗಿ ನಮ್ಮ ನಿಮ್ಮ ಬಚ್ಚಲಮನೆಯ ಕಥೆ.

ಗಡಿನಾಡಿನ ಊರು

ಜೈಸಲ್ಮೇರ್ ಇರುವುದು ಥಾರ್ ಮರುಭೂಮಿಯಲ್ಲಿ, ಪಾಕಿಸ್ತಾನದ ಗಡಿಗೆ ತಾಗಿದ ಜಿಲ್ಲೆಯಲ್ಲಿ. 2011ರ ಜನಗಣತಿಯಂತೆ ಊರಿನ ಜನಸಂಖ್ಯೆ ಸುಮಾರು 65 ಸಾವಿರ. 1156ರಲ್ಲಿ ರಾವಲ್ ಜೈಸಲ್ ಎಂಬ ಅರಸ ತ್ರಿಕೂಟ ಎಂಬ ಗುಡ್ಡದ ಮೇಲೆ ಹಳದಿ ಮರಳುಗಲ್ಲಿನ ಕೋಟೆ ಕಟ್ಟಿಸಿದ. ಸಂಜೆಯ ಬಿಸಿಲಿಗೆ ಅದರ 99 ಬುರುಜುಗಳೂ ಹೊನ್ನಿನಂತೆ ಹೊಳೆಯುತ್ತವೆ.

ಹಿಂದೆ ಒಂಟೆಗಳ ಸಾಲು ಸಿಂಧ್ ಕಡೆಗೆ ಈ ಊರಿನ ಮೇಲೇ ಹಾದುಹೋಗುತ್ತಿತ್ತು. 1947ರಲ್ಲಿ ದೇಶ ಇಬ್ಭಾಗವಾದಾಗ ಆ ವ್ಯಾಪಾರದ ದಾರಿ ಮುಚ್ಚಿತು. 1971ರ ಡಿಸೆಂಬರಿನಲ್ಲಿ ಇದೇ ಜಿಲ್ಲೆಯ ಲೋಂಗೇವಾಲಾದಲ್ಲಿ ಕಾಳಗವಾಯಿತು. ವ್ಯಾಪಾರ ಹೋದ ಊರಿಗೆ ಆಮೇಲೆ ಪ್ರವಾಸಿಗರು ಬಂದರು. ಸತ್ಯಜಿತ್ ರಾಯ್ ಅವರು 1974ರಲ್ಲಿ ತೆಗೆದ 'ಸೋನಾರ್ ಕೆಲ್ಲಾ' ಚಿತ್ರದಿಂದ ಈ ಕೋಟೆಯ ಹೆಸರು ಬಂಗಾಳದ ಮನೆಮನೆಗೂ ಮುಟ್ಟಿತು.

ಬೇರೆ ಕೋಟೆಗಳಲ್ಲಿ ಪಾರಿವಾಳ, ಕಾವಲುಗಾರ ಬಿಟ್ಟರೆ ಯಾರಿರುತ್ತಾರೆ ಹೇಳಿ? ಇಲ್ಲಿ ಹಾಗಲ್ಲ. ಇಂದಿಗೂ ಕೆಲವು ಸಾವಿರ ಜನ ಕೋಟೆಯೊಳಗೇ ವಾಸ. ಅಲ್ಲೇ ಅಡಿಗೆ, ಅಲ್ಲೇ ಬಟ್ಟೆ ಒಗೆತ, ಅಲ್ಲೇ ಮಕ್ಕಳ ಲಾಲನೆ ಪಾಲನೆ.

ಒಂದು ಗೇಣು ಮಳೆ

ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 20 ಸೆಂಟಿಮೀಟರು, ಅಂದರೆ ಹೆಚ್ಚುಕಡಿಮೆ ಒಂದು ಗೇಣು. ಆದರೂ ಹಿಂದಿನವರು ಆ ಗೇಣು ನೀರಿನಲ್ಲೇ ಸಂಸಾರ ಮಾಡಿದರು. 14ನೇ ಶತಮಾನದಲ್ಲಿ ಮಹಾರಾವಲ್ ಗಡ್ಸಿ ಎಂಬ ಅರಸ ಊರ ಹೊರಗೆ ದೊಡ್ಡ ಕೆರೆ ತೋಡಿಸಿದ. ಅದೇ ಗಡೀಸರ್. ನಲ್ಲಿ ಬರುವ ತನಕ ಊರ ಹೆಂಗಸರು ತಲೆಯ ಮೇಲೆ ಸಿಂಬಿ ಇಟ್ಟು, ಕೊಡ ಹೊತ್ತು ನಡೆದದ್ದು ಅಲ್ಲಿಗೇ. ಈ ಕೆರೆಗೆ ಹೋಗುವ ದಾರಿಯ ಹೆಬ್ಬಾಗಿಲನ್ನು ತಿಲೋನ್ ಎಂಬ ಗಣಿಕೆ ತನ್ನ ಹಣದಿಂದ ಕಟ್ಟಿಸಿದಳಂತೆ. ಅರಮನೆಯವರು ಕೆಡವಿಸಿಯಾರೆಂದು ಮೇಲೊಂದು ಕೃಷ್ಣನ ಗುಡಿ ಇಡಿಸಿಬಿಟ್ಟಳಂತೆ. ಜಾಣೆ!

ಇದರಲ್ಲಿ ನಾವು ಗಮನಿಸಬೇಕಾದ ಮಾತೊಂದಿದೆ. ಕೆರೆ ತುಂಬಿದರೆ ಕೋಡಿ ಬಿದ್ದ ನೀರು ವ್ಯರ್ಥವಾಗುತ್ತಿರಲಿಲ್ಲ. ಕೆಳಗಿನ ಕೆರೆಗೆ, ಅದರಿಂದ ಮತ್ತೊಂದಕ್ಕೆ ಹರಿಯುವಂತೆ ಸಾಲಾಗಿ ಕೆರೆಗಳನ್ನು ಮಾಡಿದ್ದರು. ಕೋಟೆಯ ಮೇಲೆ ಬಿದ್ದ ಮಳೆನೀರು ಸರಸರನೆ ಇಳಿದುಹೋಗಲು ಕಲ್ಲಿನ ಕಾಲುವೆಗಳಿದ್ದವು. ನೀರು ಬರುವ ದಾರಿಯಷ್ಟೇ ಅದು ಹೋಗುವ ದಾರಿಯನ್ನೂ ಅವರು ಯೋಚಿಸಿದ್ದರು.

ಮನೆಯೊಳಗೂ ಅದೇ ಜಾಣತನ. ಪಾತ್ರೆಯನ್ನು ಮರಳಿನಲ್ಲಿ ಉಜ್ಜುವುದು, ಅಡಿಗೆಗೆ ನೀರಿನ ಬದಲು ಹಾಲು ಮಜ್ಜಿಗೆ ಬಳಸುವುದು, ಮಳೆಗಾಲದ ಕಾಯಿಗಳನ್ನು ಒಣಗಿಸಿ ವರ್ಷವಿಡೀ ಇಟ್ಟುಕೊಳ್ಳುವುದು. ಚೆಲ್ಲಲು ನೀರೇ ಇಲ್ಲದಿದ್ದಾಗ ಚರಂಡಿಯ ಚಿಂತೆ ಯಾಕೆ?

ನಲ್ಲಿ ಬಂದ ಮೇಲೆ

ಆಮೇಲೆ ನಲ್ಲಿ ಬಂತು. ಪಂಜಾಬಿನಿಂದ ಮರುಭೂಮಿಗೆ ಹಿಮಾಲಯದ ನದಿಗಳ ನೀರು ತರುವ ಕಾಲುವೆಯ ಕೆಲಸ 1958ರಲ್ಲಿ ಶುರುವಾಯಿತು. ಇಂದು ಇಂದಿರಾ ಗಾಂಧಿ ಕಾಲುವೆ ಎನ್ನುವುದು ಅದನ್ನೇ. ಜೈಸಲ್ಮೇರ್ ಜಿಲ್ಲೆಗೂ ಆ ನೀರು ಮುಟ್ಟಿತು. ತಲೆಯ ಮೇಲಿನ ಕೊಡ ಇಳಿಯಿತು. ಇದು ಬೇಡವಾಗಿತ್ತು ಎನ್ನಲು ಯಾವ ಹೆಣ್ಣಿಗೆ ಮನಸ್ಸು ಬರುತ್ತದೆ? ಕೊಡ ಹೊತ್ತವರಿಗೇ ಗೊತ್ತು ಅದರ ಭಾರ.

ಆದರೆ ಬಂದ ನೀರು ಬಚ್ಚಲಿನಿಂದ ಮುಂದೆ ಎಲ್ಲಿಗೆ ಹೋಗಬೇಕು? ಒಂದು ಲೆಕ್ಕ ಹಾಕೋಣ. ದಿನಕ್ಕೆ 15 ಲೀಟರಿನ 20 ಬಕೆಟ್ ನೀರು ಒಂದು ಮನೆಯ ಖರ್ಚು ಅಂತ ಇಟ್ಟುಕೊಳ್ಳಿ. ದಿನಕ್ಕೆ 300 ಲೀಟರು, ವರ್ಷಕ್ಕೆ ಒಂದು ಲಕ್ಷ ಲೀಟರಿನ ಮೇಲಾಯಿತು. ಅಲ್ಲಿನ ವರ್ಷದ ಮಳೆಯಷ್ಟೂ 20 ಅಡಿ ಅಗಲ, 30 ಅಡಿ ಉದ್ದದ ಜಾಗದ ಮೇಲೆ ಬಿದ್ದರೆ ಸುಮಾರು 11 ಸಾವಿರ ಲೀಟರು ಅಷ್ಟೇ. ಅಂದರೆ ಆಕಾಶ ಸುರಿಸುವುದರ ಹತ್ತರಷ್ಟು ನೀರನ್ನು ಒಂದು ಬಚ್ಚಲೇ ಸುರಿಸುತ್ತದೆ! ಇದರ ಮೇಲೆ ಕೋಟೆಯೊಳಗಿನ ವಸತಿಗೃಹಗಳು, ಊಟದ ಮನೆಗಳು. ಪಕ್ಕದ ಮನೆಯವರ ಪ್ರಶ್ನೆಗೆ ಉತ್ತರ ಇಲ್ಲೇ ಇದೆ.

ಕೋಟೆ ನಿಂತಿರುವ ಗುಡ್ಡ ಗಟ್ಟಿ ಕರಿಕಲ್ಲಿನದಲ್ಲ. ಮೆತ್ತಗಿನ ಮರಳುಗಲ್ಲು, ನಡುನಡುವೆ ಜೇಡಿಯ ಪದರ. ಜೇಡಿಮಣ್ಣು ನೆನೆದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಚರಂಡಿಯಿಂದ, ಕೊಳವೆಯ ಸಂದುಗಳಿಂದ ಸೋರಿದ ನೀರು ಅಲ್ಲಿಗಿಳಿದು ಬುಡವನ್ನೇ ಸಡಿಲ ಮಾಡಿತು. 1996ರಲ್ಲಿ ನ್ಯೂಯಾರ್ಕಿನ ವಿಶ್ವ ಸ್ಮಾರಕ ನಿಧಿಯವರು ಅಪಾಯದಲ್ಲಿರುವ ಸ್ಮಾರಕಗಳ ಪಟ್ಟಿಯಲ್ಲಿ ಈ ಕೋಟೆಯನ್ನೂ ಸೇರಿಸಿದರು. 1998ರಲ್ಲಿ ಹೊರಗೋಡೆಯ ಒಂದು ಭಾಗ ಕುಸಿದು ಆರು ಮಂದಿ ಪ್ರಾಣ ಕಳೆದುಕೊಂಡರು. 2013ರಲ್ಲಿ ರಾಜಸ್ಥಾನದ ಇತರ ಐದು ಗಿರಿದುರ್ಗಗಳ ಜೊತೆ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು, ಗೌರವ ಸಿಕ್ಕಿತು. ಆದರೂ 2024ರ ಆಗಸ್ಟಿನ ಭಾರೀ ಮಳೆಗೆ ಗೋಡೆಯ ಇನ್ನೊಂದು ಭಾಗ ಉರುಳಿತು.

ಯಾರ ಕೆಲಸ?

ಹಾಗಾದರೆ ಸರಿಪಡಿಸಬಾರದೇ ಎನ್ನುತ್ತೀರಿ. ಅಲ್ಲೇ ಇದೆ ತೊಡಕು. ರಾಜಸ್ಥಾನದಲ್ಲಿ ನಲ್ಲಿಗೆ ನೀರು ಬಿಡುವುದು ರಾಜ್ಯ ಸರ್ಕಾರದ ಒಂದು ಇಲಾಖೆ. ಬೀದಿ, ಕಸ, ಚರಂಡಿ ನೋಡುವುದು ಊರಿನ ನಗರಸಭೆ. ಕೋಟೆಯ ರಕ್ಷಣೆ ಕೇಂದ್ರ ಸರ್ಕಾರದ ಪುರಾತತ್ವ ಇಲಾಖೆಯದು. ನೀರಿಗೆ ಈ ಗಡಿಗಳು ಗೊತ್ತೇ? ಅದು ಒಬ್ಬರ ಕೊಳವೆಯಿಂದ ಹೊರಟು, ಇನ್ನೊಬ್ಬರ ಮೋರಿಯಲ್ಲಿ ಹರಿದು, ಮೂರನೆಯವರ ಗೋಡೆಗೆ ಇಳಿಯುತ್ತದೆ.

ನಿವಾಸಿಗಳ ಕಷ್ಟ ಬೇರೆ. 2010ರಲ್ಲಿ ತಿದ್ದಿದ ಕಾನೂನಿನಂತೆ ರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ರಿಪೇರಿಗೂ ಅನುಮತಿ ಬೇಕು. ಸೋರುವ ಸೂರಿಗೂ ಅರ್ಜಿ ಹಿಡಿದು ನಿಲ್ಲಬೇಕಾದವರ ಸಂಕಟ ಸಣ್ಣದಲ್ಲ. ಎಲ್ಲರನ್ನೂ ಕೋಟೆಯಿಂದ ಇಳಿಸಿಬಿಡಿ ಎಂದು ಹೇಳುವವರೂ ಇದ್ದಾರೆ. ಹತ್ತಾರು ತಲೆಮಾರು ದೀಪ ಹಚ್ಚಿದ ಮನೆ ಬಿಟ್ಟು ಹೋಗು ಅಂದರೆ ಸುಲಭವೇ? ಒಲೆ ಉರಿಯದ ಕೋಟೆ ಬರೀ ಕಲ್ಲಿನ ರಾಶಿಯಾದೀತು.

ನಮಗೂ ಒಂದು ಪಾಠ

ನಲ್ಲಿಯಲ್ಲಿ ನೀರು ಬಾರದಿದ್ದರೆ ನಾವೆಲ್ಲ ಖಾಲಿ ಕೊಡ ಹಿಡಿದು ಪುರಸಭೆಯ ಬಾಗಿಲಿಗೆ ಹೋಗುತ್ತೇವೆ, ಹೋಗಲೇಬೇಕು. ಬಳಸಿದ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಲು ಎಷ್ಟು ಜನ ಹೋಗಿದ್ದೇವೆ? ಮುಂದಿನ ಸಲ ಬೀದಿಗೆ ಹೊಸ ಕೊಳವೆ ಹಾಕಲು ಬಂದಾಗ, "ಚರಂಡಿ ಯಾವಾಗ?" ಅಂತಲೂ ಕೇಳಿ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯಿಂದ ದೇಶದ ಪ್ರತಿ ಪುರಸಭೆಯಲ್ಲೂ ಮೂರನೇ ಒಂದು ಭಾಗಕ್ಕೆ ಕಡಿಮೆ ಇಲ್ಲದಷ್ಟು ಸ್ಥಾನ ಹೆಂಗಸರಿಗೆ ಮೀಸಲು. ನಿಮ್ಮ ವಾರ್ಡಿನ ಸದಸ್ಯೆಗೂ ಒಂದು ಬಚ್ಚಲುಮನೆ ಇದ್ದೇ ಇರುತ್ತದೆ, ಮಾತು ಅರ್ಥವಾಗುತ್ತದೆ.

ಮನೆಯಲ್ಲೂ ಮಾಡುವುದಿದೆ. ತೊಟ್ಟಿಕ್ಕುವ ನಲ್ಲಿಗೆ ಹೊಸ ವಾಷರ್ ಹಾಕಿಸಿ. ಅಕ್ಕಿ ತೊಳೆದ ನೀರನ್ನು ಕರಿಬೇವಿನ ಗಿಡಕ್ಕೆ ಹಾಕಿ. ಬಚ್ಚಲ ಮೋರಿಯ ನೀರು ಗೋಡೆಯ ಬುಡದಲ್ಲಿ ನಿಲ್ಲುತ್ತಿದೆಯೇ ಎಂದು ವಾರಕ್ಕೊಮ್ಮೆ ಹಿತ್ತಿಲಿಗೆ ಹೋಗಿ ನೋಡಿ.

ಇದನ್ನೆಲ್ಲ ಪಕ್ಕದ ಮನೆಯವರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಹಿಂದಿನ ಗೋಡೇಲೂ ಒಂದು ಬಿರುಕು ಬಿಟ್ಟಿದೆ ಕಣ್ರೀ, ಬರ್ತೀರಾ ನೋಡೋಣ?" ಎಂದರು. ಕೇರ್-ಸಾಂಗ್ರಿಯನ್ನು ನೆನೆಹಾಕಿ ಇಬ್ಬರೂ ಹಿತ್ತಿಲಿಗೆ ನಡೆದೆವು.