ಗಾರೆ ಮೆತ್ತುವ ಮುನ್ನ ಒಮ್ಮೆ ನೋಡಿ

ಶಕ್ತಿನಗರದ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ 1985ರಲ್ಲಿ ಆರಂಭವಾದಂದಿನಿಂದ ರಾಯಚೂರು, ನಾಡಿಗೆ ಬೆಳಕು ಕೊಡುವ ಜಿಲ್ಲೆ. ಆ ವಿದ್ಯುತ್ತು ಮನೆಯೊಳಗೆ ಕೊನೆಯ ನಾಲ್ಕಾರು ಮಾರು ಸಾಗುವುದು ಪಿವಿಸಿ ಪೈಪಿನಲ್ಲಿ. ರಾಯಚೂರು ನಗರದ ಹೊಸ ಬಡಾವಣೆಗಳಲ್ಲಿ ಪೈಪು ಗೋಡೆಯೊಳಗೆ ಹುದುಗಿರುತ್ತದೆ. ದೇವದುರ್ಗ, ಮಾನ್ವಿಗಳ ಹಳೆಯ ಮಾಳಿಗೆ ಮನೆಗಳಿಗೆ ಗೋಡೆಯ ಮೇಲೆಯೇ ಬಿಗಿಯುವುದು ಅನುಕೂಲ. ಪೈಪು ಹಾಕಿದರೆ ತಂತಿ ಭದ್ರವೆಂಬುದು ಮನೆಯವರ ನಂಬಿಕೆ. ಆದರೆ ಪೈಪು ತಂತಿಯನ್ನು ಕಾಯುವಂತೆಯೇ ಕೆಲಸದ ದೋಷವನ್ನೂ ಮುಚ್ಚಿಡುತ್ತದೆ.

ತಂತಿ ಸಾಲದಾದಾಗ ಇನ್ನೊಂದು ತುಂಡು ಹೊಸೆದು, ಟೇಪು ಸುತ್ತಿ ಪೈಪಿನೊಳಗೆ ತಳ್ಳುವುದುಂಟು. ಇದರಲ್ಲೇನು ಅಪಾಯ? ವಿದ್ಯಾರ್ಥಿಗಳು ಜೂಲನ ನಿಯಮವನ್ನು ನೆನೆಯಲಿ: ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೂ ರೋಧಕ್ಕೂ ತಕ್ಕಂತೆ ಹೆಚ್ಚುತ್ತದೆ. ಗೀಸರ್ 10 ಆಂಪಿಯರ್ ಎಳೆಯುತ್ತದೆನ್ನೋಣ. 2.5 ಚದರ ಮಿಲಿಮೀಟರ್ ತಾಮ್ರದ ತಂತಿಯ ಒಂದು ಮೀಟರಿನಲ್ಲಿ ಆಗ ಹುಟ್ಟುವ ಶಾಖ ಒಂದು ವಾಟ್‌ಗೂ ಕಡಿಮೆ. ಸಡಿಲ ಕೂಡಿಕೆಯ ರೋಧ ಕೇವಲ 0.1 ಓಮ್ ಇದ್ದರೂ ಆ ಒಂದೇ ಜಾಗದಲ್ಲಿ 10 ವಾಟ್! ಗಾಳಿಯಾಡದ ಪೈಪಿನಿಂದ ಅದು ಬೇಗ ಹೊರಹೋಗದು. ಸಾಮಾನ್ಯ ಪಿವಿಸಿ ಹೊದಿಕೆ ಸದಾ ತಾಳಬಲ್ಲದ್ದು 70 ಡಿಗ್ರಿ ಸೆಲ್ಸಿಯಸ್. ರಾಯಚೂರಿನ ಬೇಸಿಗೆಯಲ್ಲಿ ಹೊರಗಿನ ಗಾಳಿಯೇ 40 ಡಿಗ್ರಿ ದಾಟುತ್ತದೆ. ಒಂದೇ ಪೈಪಿಗೆ ಹತ್ತಾರು ತಂತಿ ತುರುಕುವುದೂ ಇದೇ ಕಾರಣಕ್ಕೆ ತಪ್ಪು.

ವೈರಿಂಗಿನ ಭಾರತೀಯ ಮಾನಕ ಐಎಸ್ 732ರ ಮಾತು ಸರಳ. ಪೈಪು, ಬೆಂಡು, ಬಾಕ್ಸುಗಳ ಜೋಡಣೆ ಮುಗಿದ ಮೇಲೆಯೇ ತಂತಿ ಎಳೆಯಬೇಕು. ತಂತಿಯ ಕೂಡಿಕೆ ಜಂಕ್ಷನ್ ಬಾಕ್ಸಿನಂಥ, ತೆರೆದು ನೋಡಬಹುದಾದ ಕಡೆ ಮಾತ್ರ ಇರಬೇಕು. ಬಾಕ್ಸಿನ ಮುಚ್ಚಳದ ಮೇಲೆ ಗಾರೆ ಮೆತ್ತಿದರೆ ಉದ್ದೇಶವೇ ವ್ಯರ್ಥ. ತಿರುವಿನಲ್ಲಿ ಪೈಪನ್ನು ಬೆಂಕಿಗೆ ಹಿಡಿದು ಮಡಚಿದರೆ ಅದು ಚಪ್ಪಟೆಯಾಗಿ, ಎಳೆಯುವಾಗ ತಂತಿಯ ಹೊದಿಕೆ ತರಚೀತು. ಅಲ್ಲಿ ಸಿದ್ಧ ಬೆಂಡನ್ನೇ ಹಾಕಿಸಬೇಕು. ಕಬ್ಬಿಣದ ಪೈಪಾದರೆ ಅದಕ್ಕೂ ಅರ್ಥಿಂಗ್ ಬೇಕು. ಪಿವಿಸಿ ಪೈಪು ವಾಹಕವಲ್ಲವಾದ್ದರಿಂದ ಅದಕ್ಕೆ ಬೇಡ. ಆದರೆ ಸಾಕೆಟ್ಟಿಗೆ ಅರ್ಥಿಂಗಿನ ಹಸಿರು ತಂತಿ ಬರಲೇಬೇಕು.

ಕೊಳ್ಳುವಾಗ ನಲ್ಲಿಯ ಪೈಪಿಗೆ ಒಪ್ಪಬೇಡಿ. ಐಎಸ್ 9537 ಎಂದು ಅಚ್ಚಾದ, ಐಎಸ್‌ಐ ಗುರುತಿನ ಪೈಪನ್ನೇ ಕೇಳಿ. ಕೆಲಸವನ್ನು ಪರವಾನಗಿ ಇರುವ ಗುತ್ತಿಗೆದಾರರಿಗೇ ವಹಿಸಿ. ಗಾರೆಗೆ ಮುನ್ನ ಮಕ್ಕಳು ಕಾಗದದಲ್ಲಿ ಗೋಡೆಯ ಚಿತ್ರ ಬರೆದು ಪೈಪಿನ ದಾರಿಯನ್ನು ಅಳತೆಸಹಿತ ಗುರುತಿಸಿಡಲಿ. ಮುಂದೊಂದು ದಿನ ಕ್ಯಾಲೆಂಡರಿಗೆಂದು ಅದೇ ಗೋಡೆಗೆ ಮೊಳೆ ಹೊಡೆಯುವ ಕೈಯನ್ನು ಆ ಕಾಗದ ಕಾಪಾಡೀತು.