ಐರ್ಲೆಂಡಿನ ಶಾಲೆಗಳು ನಮಗೆ ಕಲಿಸುವ ಪಾಠ

ಮಾರ್ಚ್ 17 ಸಂತ ಪ್ಯಾಟ್ರಿಕರ ಹಬ್ಬವೆಂಬುದನ್ನು ನಮ್ಮ ಕಥೋಲಿಕ ಕುಟುಂಬಗಳು ಬಲ್ಲವು. ಆದರೆ ಆ ಸಂತರ ಸೇವಾಭೂಮಿಯಾದ ಐರ್ಲೆಂಡಿನ ಶಾಲೆಗಳ ಚರಿತ್ರೆ ನಮ್ಮಲ್ಲಿ ಅಷ್ಟಾಗಿ ಪರಿಚಿತವಲ್ಲ. ವಿಜಯಪುರ ನಗರ, ತಿಕೋಟಾ, ಬಬಲೇಶ್ವರಗಳ ತರಗತಿಗಳಲ್ಲಿ ಅದಕ್ಕೊಂದು ಸ್ಥಾನ ದೊರೆಯಬೇಕು. ಏಕೆಂದರೆ ಅದು ಮನೆಮಾತಿನ ಅಳಿವು ಉಳಿವಿನ ಚರಿತ್ರೆ.

ಬ್ರಿಟಿಷರ ಆಳ್ವಿಕೆಯಲ್ಲಿ, 1831ರಲ್ಲಿ ಅಲ್ಲಿ ಆರಂಭವಾದ ರಾಷ್ಟ್ರೀಯ ಶಾಲೆಗಳ ಬೋಧನೆ ಇಂಗ್ಲಿಷಿನಲ್ಲಿ ನಡೆಯಿತು. ಆ ಶತಮಾನದಲ್ಲಿ ಅನೇಕ ಕಡೆ ಮಗುವಿನ ಕೊರಳಿಗೆ ಕೋಲೊಂದನ್ನು ಕಟ್ಟುತ್ತಿದ್ದರು. ಮಗು ಐರಿಷ್ ನುಡಿದಾಗಲೆಲ್ಲ ಅದರ ಮೇಲೊಂದು ಗೀರು. ಕೊನೆಗೆ ಗೀರುಗಳ ಲೆಕ್ಕದಂತೆ ಏಟು. ಇಂಗ್ಲಿಷೇ ಅನ್ನದ ದಾರಿಯೆಂದು ನಂಬಿದ ಹೆತ್ತವರೂ ಇದಕ್ಕೆ ಸಮ್ಮತಿಸಿದ್ದುಂಟು. 1845ರಲ್ಲಿ ತೊಡಗಿದ ಮಹಾಕ್ಷಾಮದಲ್ಲಿ ಸುಮಾರು 10 ಲಕ್ಷ ಜನ ಸತ್ತರು; ಬಹುಮಟ್ಟಿಗೆ ಅಷ್ಟೇ ಜನ ವಲಸೆ ಹೋದರು. ಭಾಷೆ ಇನ್ನಷ್ಟು ಕುಗ್ಗಿತು.

1922ರಲ್ಲಿ ಸ್ವಂತ ಸರ್ಕಾರ ಬಂದ ಮೇಲೆ ಐರಿಷ್ ಭಾಷೆ ಶಾಲೆಗೆ ಮರಳಿತು. 1937ರಿಂದ 1939ರವರೆಗೆ ಅಲ್ಲಿನ ಜಾನಪದ ಆಯೋಗವು ಸುಮಾರು 5 ಸಾವಿರ ಪ್ರಾಥಮಿಕ ಶಾಲೆಗಳ ನೆರವು ಪಡೆಯಿತು. ಸುಮಾರು 50 ಸಾವಿರ ಮಕ್ಕಳು ಅಜ್ಜ ಅಜ್ಜಿಯರನ್ನು, ನೆರೆಹೊರೆಯವರನ್ನು ಕೇಳಿ ಕಥೆ, ಮನೆಮದ್ದು, ಸ್ಥಳನಾಮಗಳ ಹಿನ್ನೆಲೆಗಳನ್ನು ಬರೆದುಕೊಂಡರು. ಆ ಸಂಗ್ರಹ ಇಂದಿಗೂ ಆ ನಾಡಿನ ಆಸ್ತಿ.

ಈ ಅನುಭವದ ಬೆಳಕು ಕನ್ನಡಕ್ಕೂ ಬಿದ್ದಿದೆ. 1924ರಲ್ಲಿ ಮೈಸೂರಿನಲ್ಲಿ ಇಂಗ್ಲಿಷ್ ಕವಿತೆ ಬರೆಯುತ್ತಿದ್ದ ತರುಣ ಕುವೆಂಪು ಅವರಿಗೆ ಮಾತೃಭಾಷೆಯಲ್ಲಿ ಬರೆಯುವಂತೆ ಸಲಹೆ ಮಾಡಿದವರು ಐರಿಷ್ ಕವಿ ಜೇಮ್ಸ್ ಕಸಿನ್ಸ್. ಅದರ ಹಿಂದಿನ ವರ್ಷವೇ ವಿಜಯಪುರದ ವಕೀಲ ಫ.ಗು. ಹಳಕಟ್ಟಿಯವರು ಓಲೆಗರಿಗಳಿಂದ ಸಂಗ್ರಹಿಸಿದ ವಚನಗಳನ್ನು ‘ವಚನಶಾಸ್ತ್ರಸಾರ’ವಾಗಿ ಹೊರತಂದಿದ್ದರು. ಈ ಇಬ್ಬರನ್ನು ಒಂದೇ ಪಾಠದಲ್ಲಿ ಪರಿಚಯಿಸಿದರೆ ದೂರದ ಐರ್ಲೆಂಡ್ ಮಕ್ಕಳಿಗೆ ಹತ್ತಿರವಾಗುತ್ತದೆ.

ಪಾಠದ ಜೊತೆಗೆ ಕೆಲಸವೂ ಇರಲಿ. ತಿಕೋಟಾದ ಮಗು ದ್ರಾಕ್ಷಿ ತೋಟದ ಹಿರಿಯರನ್ನು ಕೇಳಿ ಬೇಸಾಯದ ಮಾತುಗಳನ್ನು ಬರೆಯಲಿ. ಬಬಲೇಶ್ವರದ ಮಗು ಅಜ್ಜಿಯ ಬೀಸುವ ಪದಗಳನ್ನೂ ಎಳ್ಳ ಅಮಾವಾಸ್ಯೆಯಲ್ಲಿ ಚರಗ ಚೆಲ್ಲುವ ಕ್ರಮವನ್ನೂ ಬರೆಯಲಿ. ನಗರದ ಮಗು ತನ್ನ ಓಣಿಯ ಹೆಸರಿನ ಮೂಲವನ್ನೂ ಮೊಹರಂ ಪದಗಳನ್ನೂ ಕೇಳಿ ತಿಳಿಯಲಿ. ಇದಕ್ಕೆ ಬೇಕಾದುದು ಒಂದು ನೋಟುಪುಸ್ತಕ, ಶಿಕ್ಷಕರ ಆಸಕ್ತಿ ಮಾತ್ರ.

ಮಕ್ಕಳು ಇಂಗ್ಲಿಷನ್ನು ಚೆನ್ನಾಗಿ ಕಲಿಯಲೇಬೇಕು. ಆದರೆ ಕನ್ನಡ ನುಡಿದ ಮಗುವಿಗೆ ದಂಡ ವಿಧಿಸುವ ಪದ್ಧತಿ ಎಲ್ಲಿಯೇ ಇರಲಿ, ಅದು ಆ ಗೀರುಕೋಲಿನ ಇನ್ನೊಂದು ರೂಪ. ಮಗುವನ್ನು ಶಾಲೆಗೆ ಸೇರಿಸುವಾಗ ಶುಲ್ಕ, ಫಲಿತಾಂಶ ವಿಚಾರಿಸುವ ತಂದೆತಾಯಿಗಳು ಈ ವಿಷಯವನ್ನೂ ತಪ್ಪದೆ ವಿಚಾರಿಸಬೇಕು.